‘ಚಿಕ್ಕ ಆಪರೇಷನ್ನೇ ತಾನೆ, ಮೇಡಂ?’

ರಾಮನಗರದ ಒಂದು ರೇಷ್ಮೆ ರೀಲಿಂಗ್ ಮನೆಯ ಹೆಣ್ಣುಮಗಳು ಸ್ಕ್ಯಾನಿಂಗ್ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಚನ್ನಪಟ್ಟಣದ ನಮ್ಮ ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಬೆಳ್ಳಗೆ ನೆನೆದು ಸುಕ್ಕುಗಟ್ಟಿದ್ದವು. ಕಾಗದ ಹಾಳಾಗಬಾರದೆಂದು ಕೈಯನ್ನು ಎರಡೆರಡು ಸಲ ಸೆರಗಿಗೆ ಒರೆಸಿಕೊಂಡು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಮದುವೆಯಾಗಿ ನಾಲ್ಕು ವರ್ಷ. ಮೊದಲ ವರ್ಷ ಒಂದು ಬಸಿರು ಎರಡನೇ ತಿಂಗಳಲ್ಲೇ ಹೋಯಿತು, ಆಮೇಲೆ ನಿಲ್ಲಲೇ ಇಲ್ಲ. “ಗರ್ಭಕೋಶದೊಳಗೆ ಪರದೆ ಇದೆಯಂತೆ ಮೇಡಂ. ಹುಟ್ಟಿದಾಗಿನಿಂದಲೇ ಇದ್ದದ್ದಂತೆ. ಹೊಟ್ಟೆ ಕುಯ್ಯಲ್ವಂತೆ, ಹೊಲಿಗೆ ಇಲ್ಲ, ಬೆಳಿಗ್ಗೆ ಹೋದ್ರೆ ಸಾಯಂಕಾಲ ಮನೆಗೆ ಬರಬಹುದಂತೆ. ಚಿಕ್ಕ ಆಪರೇಷನ್ನೇ ತಾನೆ, ಮಾಡಿಸಿಬಿಡಲಾ?”

‘ಮಾಡಿಸಿಬಿಡಿ’ ಎಂಬ ಈ ಮಾತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಈಗ ಮನೆಮಾತಾಗಿದೆ. ಅತ್ತೆ ಹೇಳುತ್ತಾಳೆ, ಔಷಧಿ ಅಂಗಡಿಯವನು ಹೇಳುತ್ತಾನೆ, ಮೈಸೂರು ರಸ್ತೆಯುದ್ದಕ್ಕೂ ನಿಂತಿರುವ ಸಂತಾನ ಕೇಂದ್ರಗಳ ಬೋರ್ಡುಗಳು ಹೇಳುತ್ತವೆ. ಓದಿಕೊಂಡ ನಾದಿನಿ ಮೊಬೈಲಿನಲ್ಲಿ ವಿಡಿಯೋ ತೋರಿಸಿ ಹೇಳುತ್ತಾಳೆ. ಎಲ್ಲರ ತರ್ಕವೂ ಒಂದೇ: ಗಾಯ ಚಿಕ್ಕದು, ಯೋಚನೆ ಮಾಡುವುದೇನಿದೆ? ಈ ತರ್ಕ ತಪ್ಪು ಎಂದು ಹೇಳುವುದಕ್ಕೇ ನಾನು ಬರೆಯಲು ಕೂತಿದ್ದೇನೆ. ಮೇಲೆ ಕಾಣುವ ಗಾಯದ ಅಳತೆಯಿಂದ ಒಳಗೆ ನಡೆಯುವ ಕೆಲಸವನ್ನು ಅಳೆಯಲಾಗುವುದಿಲ್ಲ. ಒಳಗೆ ಕತ್ತರಿ ಆಡುವುದು ಅದೇ ಗರ್ಭಕೋಶದಲ್ಲಿ, ನಾಳೆ ಒಂಬತ್ತು ತಿಂಗಳು ಹಿಗ್ಗಬೇಕಾದ ಅದೇ ಗೋಡೆಯ ಮೇಲೆ.

ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು. ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಓದಿ ಹೇಳಿ ಎಂದು ಹೆಂಗಸರು ಬರುತ್ತಾರೆ, ಓದಿ ಹೇಳುತ್ತೇನೆ. ಓದಿ ಹೇಳುವವಳು ಅರ್ಥ ಮಾಡಿಕೊಂಡೇ ಹೇಳಬೇಕಲ್ಲ. ಹಾಗಾಗಿ ಓದುತ್ತಾ ಬಂದೆ.

ಮೊದಲು ಆ ‘ಪರದೆ’ ಎಂದರೇನು ನೋಡೋಣ. ತಾಯಿಯ ಹೊಟ್ಟೆಯಲ್ಲಿ ಹೆಣ್ಣು ಶಿಶುವಿನ ಗರ್ಭಕೋಶ ಎರಡು ಸಣ್ಣ ನಾಳಗಳಿಂದ ಶುರುವಾಗುತ್ತದೆ. 1830ರಲ್ಲಿ ಅವನ್ನು ವಿವರಿಸಿದ ಜರ್ಮನಿಯ ಯೊಹಾನೆಸ್ ಮ್ಯುಲರ್ ಹೆಸರಿನಲ್ಲೇ ಮ್ಯುಲೇರಿಯನ್ ನಾಳಗಳು ಎನ್ನುತ್ತಾರೆ. ಕನಕಪುರದಾಚೆ ಸಂಗಮದಲ್ಲಿ ಅರ್ಕಾವತಿ ಬಂದು ಕಾವೇರಿಗೆ ಸೇರುವ ಹಾಗೆ ಈ ಎರಡು ನಾಳಗಳು ಮೂರನೇ ತಿಂಗಳ ಹೊತ್ತಿಗೆ ಒಂದಾಗುತ್ತವೆ. ಆಮೇಲೆ ನಡುವಿನ ಗೋಡೆ ನಿಧಾನವಾಗಿ ಕರಗಿ ಒಂದೇ ಕೋಣೆಯಾಗುತ್ತದೆ. ಸೇರುವುದೇ ಅರ್ಧಕ್ಕೆ ನಿಂತರೆ ಎರಡು ಕೊಂಬಿನ ಗರ್ಭಕೋಶ, ಸೇರದೇ ಹೋದರೆ ಎರಡು ಗರ್ಭಕೋಶ. ಒಂದು ನಾಳ ಬೆಳೆಯದಿದ್ದರೆ ಒಂಟಿ ಕೊಂಬು. ಸೇರಿಯೂ ನಡುಗೋಡೆ ಕರಗದೆ ಉಳಿದರೆ ಅದೇ ಪರದೆ. ಇಂಥ ಒಂದಲ್ಲ ಒಂದು ವ್ಯತ್ಯಾಸ ನೂರು ಹೆಂಗಸರಲ್ಲಿ ಐದಾರು ಮಂದಿಗೆ ಇರುತ್ತದೆಂದು 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ಅವರಲ್ಲಿ ಎಷ್ಟೋ ಜನ ಮಕ್ಕಳನ್ನು ಹೆತ್ತು, ಮೊಮ್ಮಕ್ಕಳನ್ನು ಆಡಿಸಿ, ತಮ್ಮ ಗರ್ಭಕೋಶದ ಆಕಾರ ಏನೆಂದು ತಿಳಿಯದೆಯೇ ಬದುಕುತ್ತಾರೆ. ಸ್ಕ್ಯಾನಿಂಗ್ ಮಾಡಿಸದವರಿಗೆ ಪರದೆಯ ಚಿಂತೆಯೇ ಇರುವುದಿಲ್ಲ.

ಚಿಕ್ಕ ಆಪರೇಷನ್ ಮೇಲೆ ನಮ್ಮ ಹೆಂಗಸರಿಗೆ ಇರುವ ಭರವಸೆ ಎಲ್ಲಿಂದ ಬಂತು ಎಂದೂ ಯೋಚಿಸಿದ್ದೇನೆ. ಅದು ಕುಟುಂಬ ಯೋಜನೆಯ ಕ್ಯಾಂಪುಗಳಿಂದ ಬಂತು. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ‘ಉದರದರ್ಶಕ ಶಸ್ತ್ರಚಿಕಿತ್ಸೆ’ ಎಂದು ಬರೆದಿರುತ್ತಿತ್ತು, ಜನರ ಬಾಯಲ್ಲಿ ಅದು ಲ್ಯಾಪ್ರೋಸ್ಕೋಪಿ. ಹೊಕ್ಕುಳ ಹತ್ತಿರ ಒಂದು ತೂತು, ನಾಳಕ್ಕೆ ಒಂದು ಉಂಗುರ, ಕೆಲಸ ಮುಗಿಯಿತು. ನಮ್ಮ ಅಕ್ಕಂದಿರು, ಅತ್ತಿಗೆಯರು ಹೋಗಿಬಂದರು, ಬಹುಪಾಲು ಸುಖವಾಗಿಯೇ ಬಂದರು. ಆದರೆ ಅದು ಇನ್ನು ಮಕ್ಕಳು ಬೇಡ ಎಂದು ತೀರ್ಮಾನಿಸಿದವರ ನಾಳಕ್ಕೆ ಮಾಡಿದ ಕೆಲಸ. ಮಗು ಬೇಕು ಎಂದು ಹಂಬಲಿಸುವವಳ ಗರ್ಭಕೋಶದ ಒಳಗೋಡೆಯನ್ನು ಕತ್ತರಿಸುವುದು ಬೇರೆಯೇ ಕೆಲಸ. ಅಲ್ಲಿ ಹುಟ್ಟಿದ ಧೈರ್ಯವನ್ನು ತಂದು ಇಲ್ಲಿ ಖರ್ಚು ಮಾಡುತ್ತಿದ್ದೇವೆ.

ಈ ವಿದ್ಯೆಯನ್ನು ನಾನು ಹಳಿಯುತ್ತಿಲ್ಲ. 1907ರಲ್ಲಿ ಬರ್ಲಿನ್ನಿನ ಪೌಲ್ ಸ್ಟ್ರಾಸ್‌ಮನ್ ಎರಡು ಕೋಣೆಯ ಗರ್ಭಕೋಶವನ್ನು ಒಂದು ಮಾಡುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ. ಅಂದಿನಿಂದ ಹಲವು ದಶಕ ಇಂಥ ಕೆಲಸವೆಂದರೆ ಹೊಟ್ಟೆ ಕುಯ್ದು, ಗರ್ಭಕೋಶವನ್ನೇ ಸೀಳಿ ಮತ್ತೆ ಹೊಲಿಯುವುದು. ವಾರಗಟ್ಟಲೆ ಹಾಸಿಗೆ, ಮುಂದಿನ ಹೆರಿಗೆ ಸಿಸೇರಿಯನ್ನೇ. 1970ರ ದಶಕದಿಂದ ಈಚೆಗೆ ಸಣ್ಣ ದುರ್ಬೀನನ್ನು ಕೆಳಗಿನ ದಾರಿಯಿಂದಲೇ ಕಳಿಸಿ, ಕಣ್ಣಿಂದ ನೋಡುತ್ತಾ ಪರದೆ ಕತ್ತರಿಸುವ ಹಿಸ್ಟರೋಸ್ಕೋಪಿ ಬಂತು. ಇದು ದೊಡ್ಡ ಉಪಕಾರ, ಸಂದೇಹವೇ ಇಲ್ಲ. ಆದರೆ ಅದರ ಜೊತೆಗೇ ಒಂದು ನಷ್ಟವೂ ಆಯಿತು. ಆಪರೇಷನ್ ಕಷ್ಟವಾಗಿದ್ದಾಗ ‘ಇವಳಿಗೆ ಇದು ಬೇಕೇ?’ ಎಂದು ಡಾಕ್ಟರು ಹತ್ತು ಸಲ ಕೇಳಿಕೊಳ್ಳುತ್ತಿದ್ದರು. ಸುಲಭವಾದ ಮೇಲೆ ಆ ಪ್ರಶ್ನೆಯೇ ಕಳಚಿಬಿತ್ತು.

ಆ ಪ್ರಶ್ನೆಯನ್ನು ನೆದರ್‌ಲ್ಯಾಂಡ್ಸಿನ ವೈದ್ಯರು ಮತ್ತೆ ಎತ್ತಿಕೊಂಡರು. ಪರದೆ ಇದ್ದು, ಗರ್ಭ ನಿಲ್ಲದ, ಗರ್ಭಪಾತವಾದ ಅಥವಾ ದಿನ ತುಂಬದೆ ಹೆತ್ತ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪರದೆ ಕತ್ತರಿಸಿದರು, ಇನ್ನೊಂದಕ್ಕೆ ಏನೂ ಮಾಡದೆ ಕಾದರು. 2010ರಿಂದ 2018ರವರೆಗೆ ಬೇರೆ ಬೇರೆ ದೇಶಗಳ ಹತ್ತು ಆಸ್ಪತ್ರೆಗಳಲ್ಲಿ ಹುಡುಕಿ ಒಟ್ಟು 80 ಜನ ಸಿಕ್ಕರು. 2021ರಲ್ಲಿ ಫಲಿತಾಂಶ ಬಂತು: ಆಪರೇಷನ್ ಆದವರಲ್ಲಿ ನೂರಕ್ಕೆ 31 ಮಂದಿಗೆ ಜೀವಂತ ಮಗು, ಕಾದವರಲ್ಲಿ ನೂರಕ್ಕೆ 35 ಮಂದಿಗೆ. ಆಪರೇಷನ್ ಆದವರ ಪೈಕಿ ಒಬ್ಬಳ ಗರ್ಭಕೋಶಕ್ಕೆ ತೂತೂ ಬಿತ್ತು. ಅದಕ್ಕೂ ಮುಂಚೆ 257 ಹೆಂಗಸರ ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗಲೂ ಕತ್ತರಿಸಿದ್ದರಿಂದ ಹೆಚ್ಚು ಮಕ್ಕಳು ಹುಟ್ಟಿದ್ದು ಕಾಣಲಿಲ್ಲ. ಕತ್ತರಿಸಿದರೆ ಮಗು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಿ.

ಹಾಗಾದರೆ ಇಷ್ಟು ವರ್ಷ ಎಲ್ಲರೂ ಯಾಕೆ ನಂಬಿದರು? ಹಳೆಯ ವರದಿಗಳನ್ನೆಲ್ಲ ಸೇರಿಸಿ 2000ದಲ್ಲಿ ಬಂದ ಒಂದು ಲೆಕ್ಕದಲ್ಲಿ, ಆಪರೇಷನ್‌ಗೆ ಮುಂಚೆ ಆ ಹೆಂಗಸರ ಬಸಿರುಗಳಲ್ಲಿ ನೂರಕ್ಕೆ 88 ಗರ್ಭಪಾತವಾಗಿದ್ದರೆ, ಆಮೇಲೆ 14 ಮಾತ್ರ ಎಂದಿತ್ತು. ಕೇಳಿದರೆ ಪವಾಡದ ಹಾಗಿದೆ. ಆದರೆ ನಮ್ಮ ರೇಷ್ಮೆ ಬೆಳೆಗಾರರು ಈ ಲೆಕ್ಕದ ಹುಳುಕನ್ನು ಸುಲಭವಾಗಿ ಹಿಡಿಯಬಲ್ಲರು. ಎರಡು ಬೆಳೆ ಸಾಲಾಗಿ ಹಾಲುತೊಂಡೆಗೋ ಸಪ್ಪೆ ರೋಗಕ್ಕೋ ಹೋಯಿತು ಅನ್ನಿ. ಮೂರನೇ ಬೆಳೆಗೆ ಯಾರೋ ತಂದ ಹೊಸ ಪುಡಿ ಉದುರಿಸಿದಿರಿ, ಗೂಡು ಚೆನ್ನಾಗಿ ಬಂತು. ಪುಡಿಯಿಂದ ಬಂತೋ, ಮಳೆ ನಿಂತು ಹವೆ ಸರಿಯಾದ್ದರಿಂದ ಬಂತೋ? ಪಕ್ಕದ ಮನೆಯವನು ಪುಡಿ ಹಾಕದೆ ಎಷ್ಟು ತೆಗೆದ ಎಂದು ಕೇಳದೆ ಹೇಳಲಾಗುವುದಿಲ್ಲ. ಕೆಟ್ಟದ್ದನ್ನು ಕಂಡವರನ್ನೇ ಆರಿಸಿಕೊಂಡು ಲೆಕ್ಕ ಶುರುಮಾಡಿದರೆ ಮುಂದಿನದ್ದು ಬಹುಪಾಲು ಒಳ್ಳೆಯದೇ ಆಗಿ ಕಾಣುತ್ತದೆ, ಏನೂ ಮಾಡದಿದ್ದರೂ. ಹಳೆಯ ವರದಿಗಳಲ್ಲಿ ಆ ಪಕ್ಕದ ಮನೆಯೇ ಇರಲಿಲ್ಲ. ನಾನು ಹೇಳಿದ 80 ಜನರ ಅಧ್ಯಯನದಲ್ಲಿ ಅದು ಇತ್ತು.

ಈ ಮಾತಿಗೆ ವೈದ್ಯರ ಎದುರು ಮಾತೂ ಇದೆ, ಅದನ್ನು ಬಚ್ಚಿಡುವುದು ಸರಿಯಲ್ಲ. 80 ಜನ ಕಡಿಮೆ, ಎಲ್ಲರ ಪರದೆಯೂ ಒಂದೇ ಉದ್ದವಲ್ಲ, ಮೇಲಿಂದ ಮೇಲೆ ಗರ್ಭಪಾತವಾದವರಿಗೆ ಉಪಯೋಗ ಇದ್ದರೂ ಇರಬಹುದು ಎನ್ನುತ್ತಾರೆ. ಒಪ್ಪುತ್ತೇನೆ. ಬೇರೆಲ್ಲ ಕಾರಣ ಹುಡುಕಿ ಮುಗಿಸಿದ ಮೇಲೆ, ಮೂರು ಸಲ ಕಳೆದುಕೊಂಡವಳು ಎಲ್ಲವನ್ನೂ ತಿಳಿದುಕೊಂಡು ‘ನನಗೆ ಬೇಕು’ ಎಂದರೆ ಅವಳನ್ನು ತಡೆಯುವವಳು ನಾನಲ್ಲ. ಆದರೆ ‘ಇರಬಹುದು’ ಎನ್ನುವ ಆ ಮಾತು ಆಸ್ಪತ್ರೆಯಿಂದ ಹೊರಟು ನಮ್ಮ ಬೀದಿ ತಲುಪುವಷ್ಟರಲ್ಲಿ ‘ಆಗೇ ಆಗುತ್ತದೆ’ ಎಂದಾಗಿರುತ್ತದೆ. ನನ್ನ ವಿದ್ಯಾರ್ಥಿನಿಗೆ ಆಗಿದ್ದು ಒಂದೇ ಗರ್ಭಪಾತ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹದಿನೈದರ ಹತ್ತಿರ ಹಾಗೆಯೇ ಹೋಗುತ್ತವೆ, ಯಾವ ಪರದೆಯೂ ಇಲ್ಲದೆ.

ಇನ್ನು ಪರದೆ ಇದೆ ಎಂದು ಹೇಳುವುದಾದರೂ ಹೇಗೆ? ಇಲ್ಲಿಯೇ ನನಗೆ ಹೆಚ್ಚು ಸಿಟ್ಟು. ಯುರೋಪಿನ ಸಂಘಗಳು 2013ರಲ್ಲಿ ಒಂದು ಅಳತೆ ಕೊಟ್ಟವು: ಒಳಚಾಚು ಗರ್ಭಕೋಶದ ಗೋಡೆಯ ದಪ್ಪದ ಅರ್ಧವನ್ನು ಮೀರಿದರೆ ಪರದೆ. ಅಮೆರಿಕದವರು 2016ರಲ್ಲಿ ಒಂದೂವರೆ ಸೆಂಟಿಮೀಟರ್ ಮೀರಬೇಕು ಎಂದರು, 2021ರಲ್ಲಿ ಅದನ್ನು ಒಂದಕ್ಕೆ ಇಳಿಸಿದರು. ಒಂದೇ ಗುಂಪಿನ ಹೆಂಗಸರಿಗೆ ಯುರೋಪಿನ ಅಳತೆಯನ್ನೂ ಅಮೆರಿಕದ ಹಳೆಯ ಅಳತೆಯನ್ನೂ ಹಾಕಿ ನೋಡಿದಾಗ, ಯುರೋಪಿನದರಲ್ಲಿ ಪರದೆಯವರ ಸಂಖ್ಯೆ ಎರಡು ಪಟ್ಟಿಗೂ ಮಿಗಿಲಾಗಿ ಬಂತು. ಎಂದರೆ ಅದೇ ಹೆಂಗಸು, ಅದೇ ಗರ್ಭಕೋಶ. ಒಂದು ಪುಸ್ತಕ ತೆಗೆದರೆ ಆರೋಗ್ಯವಂತೆ, ಇನ್ನೊಂದು ಪುಸ್ತಕ ತೆಗೆದರೆ ಆಪರೇಷನ್ ಟೇಬಲ್ಲು. ಒಳಗೆ ಮೇಲ್ಭಾಗ ಕಮಾನಿನಂತೆ ಸ್ವಲ್ಪ ಬಾಗಿದ್ದರೆ ಅದು ದೋಷವೇ ಅಲ್ಲ ಎಂದು ಈಗ ಒಪ್ಪುತ್ತಾರೆ. ಆದರೂ ಆ ಬಾಗನ್ನು ಕಾಗದದಲ್ಲಿ ಬರೆಸಿಕೊಂಡು ನಿದ್ದೆಗೆಟ್ಟು ಬಂದವರನ್ನು ನಾನು ಕಂಡಿದ್ದೇನೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪರದೆ ಇರುವ ಗರ್ಭಕೋಶವೂ ಎರಡು ಕೊಂಬಿನ ಗರ್ಭಕೋಶವೂ ಒಳಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ: ನಡುವೆ ಒಂದು ಗೋಡೆ, ಆಚೀಚೆ ಎರಡು ಕೋಣೆ. ವ್ಯತ್ಯಾಸ ಇರುವುದು ಹೊರಮೈಯಲ್ಲಿ. ಪರದೆಯದರ ನೆತ್ತಿ ಹೊರಗಿನಿಂದ ಮಟ್ಟಸ, ಕೊಂಬಿನದರ ನೆತ್ತಿ ಹೊರಗೂ ತಗ್ಗಿರುತ್ತದೆ. ಮೊದಲನೆಯದರಲ್ಲಿ ಕತ್ತರಿಸಿದರೆ ಪರದೆ ಹೋಗುತ್ತದೆ. ಎರಡನೆಯದರಲ್ಲಿ ಪರದೆ ಎಂದುಕೊಂಡು ಕತ್ತರಿಸುತ್ತಾ ಹೋದರೆ ಕತ್ತರಿ ಗರ್ಭಕೋಶದಿಂದ ಹೊರಗೆ ಬರುತ್ತದೆ. ಮಾಮೂಲಿ ಸ್ಕ್ಯಾನಿಂಗ್ ಈ ಹೊರಮೈಯನ್ನು ನಂಬುವ ಹಾಗೆ ತೋರಿಸುವುದಿಲ್ಲ, ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ ತೋರಿಸುವುದೇ ಇಲ್ಲ. ಅದಕ್ಕೆ ತ್ರೀಡಿ ಸ್ಕ್ಯಾನಿಂಗ್ ಬೇಕು ಅಥವಾ ಎಂ.ಆರ್.ಐ. ಬೇಕು. ನನ್ನ ವಿದ್ಯಾರ್ಥಿನಿಯ ಕವರಿನಲ್ಲಿ ಇದ್ದದ್ದು ಎರಡು ಮಾಮೂಲಿ ಸ್ಕ್ಯಾನಿಂಗು, ಒಂದು ಎಕ್ಸ್‌ರೇ. ಅಷ್ಟರ ಮೇಲೆಯೇ ಆಪರೇಷನ್‌ಗೆ ದಿನ ಗೊತ್ತುಮಾಡಿ ಬರೆದುಕೊಟ್ಟಿದ್ದರು.

ರೇಷ್ಮೆಯ ನಾಡಿನಲ್ಲಿ ಈ ಅವಸರ ನನಗೆ ಅರ್ಥವಾಗುವುದಿಲ್ಲ. ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಂಟು ರೋಗ ಇಲ್ಲವೆಂದು ಖಾತ್ರಿಯಾದ ಮೇಲೇ ಮೊಟ್ಟೆ ಹೊರಬರುತ್ತದೆ. ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಹೋಗಿ ನಾನೇ ತೋರಿಸಿದ್ದೇನೆ. ಒಂದು ಹುಳುವಿನ ಮೊಟ್ಟೆಗೆ ಇಷ್ಟು ನೋಡುವ ನಾವು ಮನೆಯ ಹೆಣ್ಣುಮಗಳಿಗೆ ಒಂದು ಸರಿಯಾದ ಚಿತ್ರ ತೆಗೆಸಿಕೊಂಡು ಬಾ ಎನ್ನುವುದಿಲ್ಲ.

ಆ ಕವರಿನಲ್ಲಿ ಇನ್ನೊಂದು ಕೊರತೆಯೂ ಇತ್ತು. ಹನ್ನೊಂದು ಕಾಗದಗಳಿದ್ದವು, ಒಂದರಲ್ಲೂ ಗಂಡನ ಹೆಸರಿನ ಪರೀಕ್ಷೆ ಇರಲಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಅರವಳಿಕೆ ಬೇಡ, ಕತ್ತರಿ ಬೇಡ, ಒಂದು ಬೆಳಗಿನ ಕೆಲಸ. ಅದು ಬಿಟ್ಟು ಹೆಂಗಸಿನ ಗರ್ಭಕೋಶಕ್ಕೆ ದುರ್ಬೀನು ಇಳಿಸುವುದು ಮೊದಲಾಗುತ್ತದೆ. ‘ಚಿಕ್ಕ ಆಪರೇಷನ್’ ಎಂಬ ಮಾತು ಈ ಅನ್ಯಾಯಕ್ಕೆ ಮುಸುಕು ಹಾಕುತ್ತದೆ. ದೊಡ್ಡದಾಗಿದ್ದರೆ ತವರಿನವರಾದರೂ ಅಡ್ಡ ಬಂದು ‘ಮೊದಲು ನಿಮ್ಮ ಹುಡುಗನನ್ನು ತೋರಿಸಿ’ ಎನ್ನುತ್ತಿದ್ದರು.

ನಾನು ಆಪರೇಷನ್ನುಗಳ ವಿರೋಧಿ ಎಂದು ಯಾರೂ ತಿಳಿಯಬೇಡಿ. ಈ ಮಾತನ್ನು ಬರೆಯುವಾಗ ನನ್ನ ಕೈ ಭಾರವಾಗುತ್ತದೆ. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಪ್ರತಿ ತಿಂಗಳೂ ಮುಟ್ಟಾದಾಗ ಕೊನೆಯ ಬೆಂಚಿನಲ್ಲಿ ಹೊಟ್ಟೆ ಹಿಡಿದುಕೊಂಡು ಮುದುರಿ ಕೂರುತ್ತಿದ್ದಳು, ಬೆವರುತ್ತಿದ್ದಳು. ಸ್ಟಾಫ್ ರೂಮಿನಿಂದ ಮೆಫ್ತಾಲ್ ಮಾತ್ರೆ ತಂದುಕೊಟ್ಟು ನಾನೇ ಹೇಳಿದೆ: “ಎಲ್ಲರಿಗೂ ಇದ್ದದ್ದೇ ಕಣೆ, ತಡ್ಕೋ.” ಜೀವಶಾಸ್ತ್ರದ ಟೀಚರು ಹೇಳಿದ ಮೇಲೆ ಮನೆಯವರು ಇನ್ನೇನು ಕೇಳುತ್ತಾರೆ? ಮುಟ್ಟು ಸರಿಯಾಗಿಯೇ ಬರುತ್ತಿತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಎರಡು ವರ್ಷದ ಮೇಲೆ ಎಂ.ಆರ್.ಐ. ಆದಾಗ ಗೊತ್ತಾಯಿತು: ಅವಳಿಗೆ ಎರಡು ಗರ್ಭಕೋಶ, ಒಂದರ ದಾರಿ ಹುಟ್ಟಿನಿಂದಲೇ ಮುಚ್ಚಿತ್ತು. ಒಂದು ಕಡೆಯ ರಕ್ತ ಹೊರಗೆ ಬರುತ್ತಿದ್ದರೆ ಇನ್ನೊಂದು ಕಡೆಯದು ತಿಂಗಳು ತಿಂಗಳೂ ಒಳಗೇ ತುಂಬುತ್ತಿತ್ತು. ಆ ಬದಿಯ ಮೂತ್ರಪಿಂಡವೂ ಇರಲಿಲ್ಲ. ಗರ್ಭಕೋಶವೂ ಮೂತ್ರಪಿಂಡವೂ ಅಕ್ಕಪಕ್ಕದಲ್ಲೇ ಬೆಳೆಯುವುದರಿಂದ ಒಂದು ಕೆಟ್ಟಲ್ಲಿ ಇನ್ನೊಂದೂ ಕೆಡುವುದುಂಟು. ಹೊಟ್ಟೆ ಕುಯ್ಯದೆಯೇ ಕೆಳಗಿನಿಂದ, ದಾರಿ ಮುಚ್ಚಿದ್ದ ಗೋಡೆಯನ್ನು ಬಿಡಿಸಿದರು, ನೋವು ಹೋಯಿತು. ಅದೂ ಚಿಕ್ಕ ಆಪರೇಷನ್ನೇ. ಅವಳಿಗೆ ಅದು ಎರಡು ವರ್ಷ ತಡವಾಗಿ ಸಿಕ್ಕಿತು.

ಇಂಥ ಕಡೆ ಕತ್ತರಿ ಬೇಕೇ ಬೇಕು. ಒಂಟಿ ಕೊಂಬಿನ ಗರ್ಭಕೋಶದ ಪಕ್ಕ ಅರ್ಧ ಬೆಳೆದ ಇನ್ನೊಂದು ಕೊಂಬು ಇದ್ದು, ಅದರೊಳಗೆ ಮುಟ್ಟಿನ ಪದರವೂ ಇದ್ದರೆ ಲ್ಯಾಪ್ರೋಸ್ಕೋಪಿಯಲ್ಲಿ ಅದನ್ನು ತೆಗೆಯುವುದು ಸರಿಯಾದ ಕೆಲಸ. ಅದರಲ್ಲಿ ಬಸಿರು ನಿಂತರೆ ನಾಲ್ಕೈದು ತಿಂಗಳ ಹೊತ್ತಿಗೆ ಒಡೆದು ತಾಯಿಯ ಪ್ರಾಣಕ್ಕೇ ಬರುತ್ತದೆ. ಇನ್ನು ಗರ್ಭಕೋಶವೇ ಇಲ್ಲದೆ ಹುಟ್ಟುವ ಹುಡುಗಿಯರಿದ್ದಾರೆ, ಸುಮಾರು ಐದು ಸಾವಿರಕ್ಕೆ ಒಬ್ಬಳು. ಅವರ ವಿಷಯದಲ್ಲಿ ‘ಮದುವೆಗೆ ಮುಂಚೆ ಏನಾದರೂ ಮಾಡಿಸಿಬಿಡಿ’ ಎಂದು ಮನೆಯವರು ಓಡುತ್ತಾರೆ. ಯೋನಿಮಾರ್ಗವನ್ನು ಆಪರೇಷನ್ ಇಲ್ಲದೆ, ಡೈಲೇಟರ್ ಬಳಸಿ ಹುಡುಗಿಯೇ ನಿಧಾನವಾಗಿ ಹಿಗ್ಗಿಸಿಕೊಳ್ಳಬಹುದು. ಸರಿಯಾಗಿ ಹೇಳಿಕೊಟ್ಟರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅಷ್ಟೇ ಸಾಕಾಗುತ್ತದೆ. ಅದನ್ನು ಶುರುಮಾಡುವ ದಿನ ಗೊತ್ತುಮಾಡಬೇಕಾದವಳು ಆ ಹುಡುಗಿ, ಛತ್ರ ಬುಕ್ ಮಾಡುವವರಲ್ಲ.

ನೋವಿನಿಂದ ಒದ್ದಾಡುವ ಹದಿಮೂರರ ಹುಡುಗಿಗೆ ಮಾತ್ರೆ ಕೊಟ್ಟು ಸುಮ್ಮನಾಗಿಸುತ್ತೇವೆ. ನೋವೇ ಇಲ್ಲದ ಇಪ್ಪತ್ತಾರರ ಹೆಂಗಸನ್ನು ಮಗು ಆಗಲಿಲ್ಲವೆಂದು ಟೇಬಲ್ಲಿಗೆ ಹತ್ತಿಸುತ್ತೇವೆ. ಎರಡು ಕಡೆಯೂ ಹೆಣ್ಣಿನ ಮಾತನ್ನು ಯಾರೂ ಕೇಳಿರುವುದಿಲ್ಲ.

‘ಒಂದೇ ಸಲ ಅರವಳಿಕೆ ಕೊಟ್ಟು ನೋಡುತ್ತೇವೆ, ಏನಾದರೂ ಇದ್ದರೆ ಅಲ್ಲೇ ಸರಿಮಾಡುತ್ತೇವೆ’ ಎಂಬ ಮಾತನ್ನೂ ಹೆಂಗಸರು ಬಂದು ಹೇಳುತ್ತಾರೆ. ಇದರ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ದೆಹಲಿಯಲ್ಲಿ 1995ರಲ್ಲಿ 44 ವಯಸ್ಸಿನ ಒಬ್ಬ ಹೆಂಗಸು ಒಳಗೆ ನೋಡುವ ಲ್ಯಾಪ್ರೋಸ್ಕೋಪಿಗೆ ಒಪ್ಪಿ ಮಲಗಿದರು, ಎದ್ದಾಗ ಗರ್ಭಕೋಶವೂ ಅಂಡಾಶಯಗಳೂ ಇರಲಿಲ್ಲ. ಅವರು ಎಚ್ಚರವಿಲ್ಲದಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದಿದ್ದರು. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ನೋಡುವುದಕ್ಕೆ ಕೊಟ್ಟ ಒಪ್ಪಿಗೆ ಕತ್ತರಿಸುವುದಕ್ಕೆ ಒಪ್ಪಿಗೆಯಲ್ಲ. ಜೀವ ಉಳಿಸಲು ಆ ಕ್ಷಣವೇ ಬೇಕಾಗಿದ್ದರೆ ಹೊರತು, ಎಚ್ಚರವಾಗುವ ತನಕ ಕಾದು ಅವಳನ್ನೇ ಕೇಳಬೇಕು. ಏನು ಮಾಡುತ್ತಾರೆ, ಯಾಕೆ, ಅಪಾಯವೇನು, ಬೇರೆ ದಾರಿ ಏನು, ಮಾಡಿಸದಿದ್ದರೆ ಏನಾಗುತ್ತದೆ ಎಂದು ಮೊದಲೇ ತಿಳಿಸಬೇಕು. ಈ ತೀರ್ಪು ಬಂದು ಇಷ್ಟು ವರ್ಷವಾದರೂ ನಮ್ಮ ಹೆಂಗಸರು ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬರುತ್ತಿದ್ದಾರೆ. ಕೆಳಗೆ ಗಂಡನ ಸಹಿಯೂ ಇರುತ್ತದೆ. ಇಬ್ಬರೂ ಓದಿರುವುದಿಲ್ಲ.

ವೈದ್ಯಕೀಯ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂದು 2023ರಲ್ಲಿ ರಾಮನಗರದಲ್ಲಿ ಬಂದ್ ನಡೆಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಆಸ್ಪತ್ರೆ ಎಲ್ಲಿ ಕಟ್ಟಬೇಕು, ಜಿಲ್ಲೆಯನ್ನು ಏನೆಂದು ಕರೆಯಬೇಕು ಎನ್ನುವುದಕ್ಕೆ ಬೀದಿಗಿಳಿಯುವ ನಾವು ಆ ಆಸ್ಪತ್ರೆಯೊಳಗೆ ನಮ್ಮ ಹೆಣ್ಣುಮಕ್ಕಳ ಕೈಗೆ ಯಾವ ಕಾಗದ ಕೊಡುತ್ತಾರೆ ಎಂದು ಒಮ್ಮೆಯೂ ಕೇಳಿಲ್ಲ.

ನನ್ನ ವಿದ್ಯಾರ್ಥಿನಿ ಬೆಂಗಳೂರಿಗೆ ಹೋಗಿ ಎಂ.ಆರ್.ಐ. ಮಾಡಿಸಿದಳು. ನೆತ್ತಿ ಹೊರಗಿನಿಂದ ಮಟ್ಟಸವಾಗಿತ್ತು, ಒಳಗಿದ್ದದ್ದು ಮೂರೂ ಅಳತೆಯಲ್ಲಿ ಪರದೆ ಅನಿಸಿಕೊಳ್ಳದ ಸಣ್ಣ ಬಾಗು. ಕತ್ತರಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಗಂಡ ಗೊಣಗಿಕೊಂಡೇ ಪರೀಕ್ಷೆಗೆ ಹೋಗಿಬಂದ. ಅವಳಿಗೆ ಆಮೇಲೆ ಮಗುವಾಯಿತೇ ಎಂದು ನೀವು ಕೇಳುತ್ತೀರಿ. ಅದನ್ನು ನಾನು ಬರೆಯುವುದಿಲ್ಲ. ಒಬ್ಬಳ ಕಥೆಯನ್ನು ಪುರಾವೆ ಮಾಡಿಕೊಂಡೇ ಇಷ್ಟು ವರ್ಷ ದಾರಿ ತಪ್ಪಿದ್ದೇವೆ.

ಜಿಲ್ಲೆಯ ಎಲ್ಲ ತಾಲ್ಲೂಕುಗಳ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಆಪರೇಷನ್ನಿಗೆ ಎರಡು ದಿನ ಮುಂಚೆ ಅದು ಹೆಂಗಸಿನ ಕೈಗೆ ಸಿಗಬೇಕು ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳುತ್ತಿದ್ದೇನೆ. ಅದು ಬರುವ ತನಕ, ತಾಯಂದಿರೇ, ನಿಮ್ಮ ಕಾಗದಗಳನ್ನು ಕೇಳಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ನಿಯಮವೇ ಇದೆ. ಹೊರಮೈ ತೋರಿಸುವ ಚಿತ್ರ ಆಗಿದೆಯೇ ಎಂದು ಕೇಳಿ. ಗಂಡನ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಮಾಡಿಸದಿದ್ದರೆ ಏನಾಗುತ್ತದೆ ಎಂದು ಕೇಳಿ. ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.